ಹಿಡಿ ಎಲ್ಲಿ ಹೋಯ್ತು, ಮೇಸ್ತ್ರಿಗಳೇ?

ಗೋಡೆ ಕೊರೆಯುವ ದೊಡ್ಡ ಡ್ರಿಲ್ ಮಷಿನ್ ಹೊಸದಾಗಿ ಕೊಂಡರೆ ಡಬ್ಬಿಯೊಳಗೆ ಪಕ್ಕದ ಹಿಡಿಯೂ ಇರುತ್ತೆ. ಇನ್ನೊಂದು ಕೈಗೆ ಅಂತಲೇ ಮಾಡಿದ್ದು. ನಮ್ಮ ಸುತ್ತಮುತ್ತ ಮನೆ ಕಟ್ಟೋ ಕಡೆ ಹೋಗಿ ನೋಡಿ: ಮಷಿನ್ ಇರುತ್ತೆ, ಹಿಡಿ ಇರಲ್ಲ.

ನಮ್ಮ ಓಣಿಯ ಹುಡುಗನೊಬ್ಬ ಬಾಡಿಗೆ ಮಷಿನ್ನಿನಲ್ಲಿ ಬೀಮಿಗೆ ತೂತು ಹೊಡೀತಿದ್ದ. ಬಿಟ್ ಒಳಗಿನ ಕಂಬಿಗೆ ಸಿಕ್ಕಿ ನಿಂತಿತು. ಮಷಿನ್ ಮಾತ್ರ ನಿಲ್ಲಲಿಲ್ಲ. ಅದು ಗಿರ್ರನೆ ತಿರುಗಿತು, ಜೊತೆಗೆ ಇವನ ಮಣಿಕಟ್ಟೂ ತಿರುಗಿ ಮೂಳೆ ಮುರೀತು. ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ನೋಡ್ಕೊಂಡು ಮಾಡ್ಬೇಕಪ್ಪ."

ಏನು ನೋಡ್ಕೊಳ್ಳೋದು ಸ್ವಾಮಿ? ಕಾಂಕ್ರೀಟಿನೊಳಗಿನ ಕಂಬಿ ಕಣ್ಣಿಗೆ ಕಾಣುತ್ತಾ? ಆ ತಿರುಚುವ ಬಲವನ್ನು ತಡೆಯೋಕೇ ಪಕ್ಕದ ಹಿಡಿ ಇರೋದು. ಅದನ್ನು ಕೊಡದೆ ಬುದ್ಧಿಮಾತು ಕೊಟ್ಟರೆ ಕೈ ಉಳಿಯಲ್ಲ.

ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತೆ. ಎಕ್ಸ್‌ರೇಯಲ್ಲಿ ಕಾಣದ ಪೆಟ್ಟು ಇನ್ನೊಂದಿದೆ. ದಿನವಿಡೀ ಮಷಿನ್ ನಡುಗಿದರೆ ಮಣಿಕಟ್ಟಿನ ನರ ಒತ್ತಿಹೋಗುತ್ತೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತವೆ. ಆಮೇಲೆ ಅಂಗಿ ಗುಂಡಿ ಹಾಕೋದೂ ಕಷ್ಟ. ನಡುಗುವ ಮಷಿನ್ನಿನಿಂದ ಕೈ ಕೆಡೋದು ಹೊಸದೇನಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಗಾಳಿಯ ಸುತ್ತಿಗೆ ಹಿಡಿದು ಕಲ್ಲು ಕೆತ್ತುತ್ತಿದ್ದವರ ಬೆರಳು ಚಳಿಯಲ್ಲಿ ಬಿಳಿಚಿ ಮರಗಟ್ಟೋದನ್ನು ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ದಾಖಲಿಸಿದ್ದರು. ನೂರು ವರ್ಷ ದಾಟಿದರೂ ನಾವಿನ್ನೂ ನೋವಿನ ಮುಲಾಮು ಉಜ್ಜುತ್ತಾ ಕೂತಿದ್ದೇವೆ.

"ಹಿಂದಿನವರು ಸುತ್ತಿಗೆ, ಉಳಿ ಹಿಡಿದು ದುಡೀಲಿಲ್ವಾ?" ಅಂತಾರೆ. ದುಡಿದರು. ಆದರೆ ಕೈಸುತ್ತಿಗೆಯ ಪೆಟ್ಟು ಎಣಿಸಬಹುದು, ಈ ಮಷಿನ್ ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತೆ.

"ಕೆಲಸದವರೇ ಹಿಡಿ ಬಿಚ್ಚಿ ಎಸೀತಾರೆ" ಅನ್ನೋ ಮಾತೂ ಇದೆ. ಅದೂ ನಿಜವೇ. ತೂತಿಗಿಷ್ಟು ಅಂತ ಕೂಲಿ ಕಟ್ಟಿದರೆ ಹಿಡಿ ಜೋಡಿಸೋ ಎರಡು ನಿಮಿಷವೂ ನಷ್ಟದ ಲೆಕ್ಕವೇ. ಆ ಲೆಕ್ಕ ಬರೆದವರು ಯಾರು?

ಬಾಡಿಗೆ ಅಂಗಡಿಯವರೇ, ಆಧಾರ್ ಜೆರಾಕ್ಸ್ ಕೇಳೋಕೆ ಮರೆಯಲ್ಲ ನೀವು. ಹಿಡಿ ಕೊಡೋಕೂ ಮರೀಬೇಡಿ. ಮೇಸ್ತ್ರಿಗಳೇ, ಸವೆದ ಬಿಟ್ ಬದಲಿಸಿ. ಮೊಂಡಾದಷ್ಟೂ ಹೆಚ್ಚು ಒತ್ತಬೇಕು, ಕೈ ಹೆಚ್ಚು ಹೊತ್ತು ನಡುಗುತ್ತೆ. ಒಬ್ಬನ ಕೈಗೇ ಇಡೀ ದಿನ ಮಷಿನ್ ಕೊಡಬೇಡಿ, ಸರದಿ ಹಾಕಿ. ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕಾದವರು ಕೆಲಸ ಕೊಟ್ಟವರು ಅನ್ನೋ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂದಿದೆ. "ನೋಡ್ಕೊಂಡು ಮಾಡ್ಬೇಕಪ್ಪ" ಅಂದರೆ ಅದು ತೀರಲ್ಲ.

ದುಡಿಯೋ ತಮ್ಮಂದಿರೇ, ಬೆರಳು ಜುಮ್ಮೆನ್ನೋಕೆ ಶುರುವಾದ ಕೂಡಲೇ ಡಾಕ್ಟರಿಗೆ ತೋರಿಸಿ. ಯಾವ ಮಷಿನ್, ದಿನಕ್ಕೆ ಎಷ್ಟು ಹೊತ್ತು ಅಂತಲೂ ಹೇಳಿ. ನರ ಪೂರ್ತಿ ಕೆಟ್ಟ ಮೇಲೆ ಹೋದರೆ ಮೊದಲಿನ ಕೈ ಮತ್ತೆ ಸಿಗದೇ ಹೋಗಬಹುದು.

ಮನೆ ಕಟ್ಟಿಸೋರೇ, ನಿಮಗೂ ಒಂದು ಮಾತು. ಟೈಲ್ಸಿನ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತ್ತೀರಿ. ನಾಳೆ ಕೆಲಸ ಶುರುವಾಗೋ ಮೊದಲು ಒಂದು ಪ್ರಶ್ನೆ ಕೇಳಿ: ಈ ಮಷಿನ್ನಿನ ಹಿಡಿ ಎಲ್ಲಿ?