ನಾಯಿಯ ಕೊರಳಪಟ್ಟಿ: ಶಿಕ್ಷೆಯೋ, ಶಿಕ್ಷಣವೋ?

ಕೊಡಗಿನ ಹಾರಂಗಿ ಜಲಾಶಯದ ಸುತ್ತಣ ಹಳ್ಳಿಗಳಲ್ಲಿ ನಾಯಿಯಿಲ್ಲದ ಮನೆ ಅಪರೂಪ. ತೋಟದ ಕಾವಲಿಗೂ, ಕತ್ತಲಾದ ಮೇಲೆ ಅಂಗಳದತ್ತ ಸುಳಿಯುವ ಹಂದಿ ಚಿರತೆಗಳ ಸುಳಿವು ಕೊಡುವುದಕ್ಕೂ ನಾಯಿ ಬೇಕೇ ಬೇಕು. ಆದರೆ ಇದೇ ನಾಯಿ ಯಜಮಾನನಿಗೆ ಗಂಡಾಂತರವನ್ನು ತರುವುದೂ ಉಂಟು. ತೋಟಕ್ಕೆ ಇಳಿದ ಕಾಡಾನೆಯನ್ನು ಕಂಡು ಅದು ಬೊಗಳಿ ಕೆರಳಿಸುತ್ತದೆ. ಆನೆ ತಿರುಗಿಬಿದ್ದೊಡನೆ ಓಡಿಬರುವುದು ತನ್ನ ಯಜಮಾನನ ಕಾಲಬಳಿಗೇ. ಅದರ ಬೆನ್ನ ಹಿಂದೆಯೇ ಆನೆ! ಆದುದರಿಂದ ಕಾಡಂಚಿನ ಊರುಗಳಲ್ಲಿ ‘ಬಾ’ ಎಂದರೆ ಬರುವ, ‘ಬೇಡ’ ಎಂದರೆ ನಿಲ್ಲುವ ನಾಯಿ ಬರಿಯ ಶೋಕಿಯ ವಿಷಯವಲ್ಲ, ಪ್ರಾಣರಕ್ಷಣೆಯ ವಿಷಯ.

ಈ ವಿಧೇಯತೆಯನ್ನು ಬೇಗನೆ ಕಲಿಸುವ ಸಾಧನಗಳೆಂದು ಬಗೆಬಗೆಯ ಕೊರಳಪಟ್ಟಿಗಳು ಇಂದು ಮಾರಾಟಕ್ಕಿವೆ. ಎಳೆದಷ್ಟೂ ಬಿಗಿಯುವ ಉಕ್ಕಿನ ಸರಪಳಿ ಒಂದು. ಒಳಮುಖವಾಗಿ ಮೊನೆಗಳುಳ್ಳ ಪಟ್ಟಿ ಇನ್ನೊಂದು. ನಮ್ಮ ಕೈಯಲ್ಲಿರುವ ಗುಂಡಿಯನ್ನು ಒತ್ತಿದರೆ ದೂರದ ನಾಯಿಯ ಕೊರಳಿಗೆ ವಿದ್ಯುದಾಘಾತವನ್ನು ಕೊಡುವ ಪಟ್ಟಿ ಮತ್ತೊಂದು. ‘ದಂಡಂ ದಶಗುಣಂ’ ಎಂದು ನಂಬಿದವರಿಗೆ ಇವು ಹಿಡಿಸಬಹುದು. ನಮಗೆ ಹಿಡಿಸುವುದಿಲ್ಲ. ಅದಕ್ಕೆ ಕಾರಣವು ಕೇವಲ ಕರುಣೆಯಲ್ಲ, ವಿಜ್ಞಾನವೂ ಹೌದು.

ಮೊದಲು ಕೊರಳಿನ ರಚನೆಯನ್ನು ಗಮನಿಸೋಣ. ನಾಯಿಯ ಕತ್ತಿನಲ್ಲಿ ಶ್ವಾಸನಾಳ, ಅನ್ನನಾಳ, ಥೈರಾಯ್ಡ್ ಗ್ರಂಥಿ, ತಲೆಗೆ ರಕ್ತವನ್ನೊಯ್ಯುವ ಅಪಧಮನಿಗಳು, ಅಲ್ಲಿಂದ ಹಿಂತರುವ ಅಭಿಧಮನಿಗಳು, ಬೆನ್ನುಹುರಿ ಇವೆಲ್ಲವೂ ಇಕ್ಕಟ್ಟಾಗಿ ಸೇರಿಕೊಂಡಿವೆ. ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಉಂಗುರಗಳು ಪೂರ್ಣ ವೃತ್ತಗಳಲ್ಲ. ಬೆನ್ನಿನ ಕಡೆಗೆ ಅವು ಬಾಯಿ ತೆರೆದಿವೆ. ಪೊಮರೇನಿಯನ್‌ನಂತಹ ಸಣ್ಣ ತಳಿಗಳಲ್ಲಿ ಈ ನಾಳವು ಕುಸಿಯುವ ಪ್ರವೃತ್ತಿಯೇ ಇದೆ. ಅಷ್ಟೇ ಅಲ್ಲ, ಕೊರಳಪಟ್ಟಿಯನ್ನು ಎಳೆದಾಗ ನಾಯಿಯ ಕಣ್ಣುಗುಡ್ಡೆಯ ಒಳಗಿನ ಒತ್ತಡವು ಏರುವುದೆಂದೂ, ಎದೆಪಟ್ಟಿಯನ್ನು ಎಳೆದಾಗ ಹಾಗಾಗುವುದಿಲ್ಲವೆಂದೂ 2006ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ತೋರಿಸಿತು. ಕಣ್ಣಿನ ಬೇನೆಯಿರುವ ನಾಯಿಯನ್ನು ಕೊರಳಿನಿಂದ ಜಗ್ಗುವುದು ಎಷ್ಟು ಅವಿವೇಕವೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಕಲಿಕೆಯ ಮಾತು. ರಷ್ಯಾದ ಪಾವ್ಲೋವ್ ಪಂಡಿತರ ನಾಯಿಗಳನ್ನು ಅರಿಯದ ವಿದ್ಯಾರ್ಥಿಯಿಲ್ಲ. ಆಹಾರದೊಡನೆ ಮತ್ತೆ ಮತ್ತೆ ಜೊತೆಗೂಡಿದ ಸಂಕೇತವು ತಾನೊಂದೇ ಬಂದರೂ ನಾಯಿಯ ಬಾಯಲ್ಲಿ ನೀರೂರುತ್ತಿತ್ತು. ಆಹಾರದಂತೆಯೇ ನೋವು ಕೂಡ ತನ್ನೊಡನೆ ಬಂದ ಸಂಕೇತಕ್ಕೆ ಅಂಟಿಕೊಳ್ಳುತ್ತದೆ. ಯಾವುದಕ್ಕೆ ಅಂಟಿಕೊಳ್ಳಬೇಕೆಂಬುದು ಮಾತ್ರ ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಆನೆಯ ಕಡೆಗೆ ನುಗ್ಗುತ್ತಿರುವ ನಾಯಿಗೆ ನಾವು ಆಘಾತ ಕೊಟ್ಟೆವೆನ್ನೋಣ. ಅದು ಆ ನೋವನ್ನು ತನ್ನ ಓಟಕ್ಕೆ ಹೊಂದಿಸಬಹುದು. ಆನೆಗೆ ಹೊಂದಿಸಿ ಇನ್ನೂ ಉಗ್ರವಾಗಿ ಬೊಗಳಬಹುದು. ಇಲ್ಲವೇ ಪಕ್ಕದಲ್ಲಿ ನಿಂತಿದ್ದ ಕೂಲಿಯಾಳಿಗೋ ಮಗುವಿಗೋ ಹೊಂದಿಸಬಹುದು. ಗುಂಡಿ ನಮ್ಮ ಕೈಯಲ್ಲಿದೆ. ಅದರ ಅರ್ಥ ನಾಯಿಯ ತಲೆಯಲ್ಲಿದೆ.

ಜರ್ಮನಿಯಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನೇ ಸಮರ್ಥಿಸುತ್ತದೆ. ಏಕೆ ಆಘಾತವಾಯಿತೆಂದು ತಿಳಿಯಲಾರದ ನಾಯಿಗಳ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಉದ್ವೇಗದ ಹಾರ್ಮೋನು ಅತ್ಯಧಿಕವಾಗಿತ್ತು. ಆದರೆ ನಿಪುಣರ ಕೈಯಲ್ಲಿ ಈ ಸಾಧನ ಸಫಲವಾಗದೆ ಎಂದು ಕೇಳುವವರುಂಟು. ಇಂಗ್ಲೆಂಡಿನಲ್ಲಿ 63 ನಾಯಿಗಳ ಮೇಲೆ ನಡೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ನುರಿತ ಶಿಕ್ಷಕರು ವಿದ್ಯುತ್ ಪಟ್ಟಿಯಿಂದ ಕಲಿಸಿದ್ದು, ಬಹುಮಾನದಿಂದ ಕಲಿಸಿದ್ದಕ್ಕಿಂತ ಯಾವ ರೀತಿಯಲ್ಲಿಯೂ ಮೇಲಾಗಿರಲಿಲ್ಲ. ನೋವಿಲ್ಲದೆ ಸಿಗುವ ಫಲವನ್ನು ನೋಯಿಸಿ ಪಡೆಯುವುದಕ್ಕೆ ಸಮರ್ಥನೆಯೆಲ್ಲಿ? ವೇಲ್ಸ್ ದೇಶವು ಇಂತಹ ಪಟ್ಟಿಗಳನ್ನು 2010ರಲ್ಲಿಯೇ ನಿಷೇಧಿಸಿತು.

ಹಾಗಾದರೆ ಕೊರಳಪಟ್ಟಿಯೇ ಬೇಡವೆಂದು ನಾವು ಹೇಳುವುದಿಲ್ಲ. ಒಡೆಯನಾರೆಂದು ತಿಳಿಸುವುದಕ್ಕೂ, ಹಗ್ಗ ಕಟ್ಟುವುದಕ್ಕೂ ಚಪ್ಪಟೆಯಾದ ಅಗಲ ಪಟ್ಟಿ ಅವಶ್ಯಕವೇ. ಪಟ್ಟಿಗೂ ಕತ್ತಿಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ಹಾರಂಗಿಯ ಬಳಿ ಒಂದು ಮನೆಯಲ್ಲಿ ಮರಿಯಾಗಿದ್ದಾಗ ಕಟ್ಟಿದ ಪಟ್ಟಿಯನ್ನು ಸಡಿಲಿಸಲು ಮರೆತು, ಅದು ಬೆಳೆದ ನಾಯಿಯ ಚರ್ಮದೊಳಕ್ಕೆ ಇಳಿದಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆ ಮನೆಯವರು ಕ್ರೂರಿಗಳಾಗಿರಲಿಲ್ಲ, ನೋಡಿರಲಿಲ್ಲ, ಅಷ್ಟೇ. ಮರಿಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಕೊಡಗಿನ ಮಳೆಗಾಲದಲ್ಲಿ ನೆನೆದ ಪಟ್ಟಿಯ ಕೆಳಗೆ ಚರ್ಮ ಹುಣ್ಣಾಗುವುದು. ಉಣ್ಣೆಗಳೂ ಅಲ್ಲಿಯೇ ಅಡಗುವುವು. ದಿನವೂ ಪಟ್ಟಿ ಬಿಚ್ಚಿ ಕತ್ತನ್ನು ಒರಸಿ ನೋಡಬೇಕು. ಬಿಗಿಯುವ ಸರಪಳಿಯಿಂದಂತೂ ನಾಯಿಯನ್ನು ಎಂದಿಗೂ ಕಟ್ಟಿಹಾಕಕೂಡದು. ಬೇಲಿಗೋ ಕೊಂಬೆಗೋ ಸಿಕ್ಕಿಕೊಂಡರೆ ಅದು ನೇಣೇ ಸರಿ. ಎಳೆಯುವ ಸ್ವಭಾವದ ನಾಯಿಗೆ ಎದೆಪಟ್ಟಿಯೇ ಲೇಸು.

ಕರೆದರೆ ಬರುವುದನ್ನು ಕಲಿಸುವ ವಿಧಾನವೂ ಸರಳವೇ. ಎದೆಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ, ಅಂಗಳದಲ್ಲಿ ‘ಬಾ’ ಎಂದು ಒಮ್ಮೆ ಕರೆಯಿರಿ. ಬಂದ ಕ್ಷಣದಲ್ಲಿಯೇ ತಿನಿಸು ಕೊಡಿರಿ. ತಡಮಾಡಿದರೆ ನಾಯಿಗೆ ಸಂಬಂಧ ತಿಳಿಯದು. ತಡವಾಗಿ ಬಂದಿತೆಂದು ಹೊಡೆಯಬೇಡಿರಿ. ಬಂದುದಕ್ಕೇ ಹೊಡೆತವೆಂದು ಅದು ತಿಳಿಯುವುದು. ಅಂಗಳದಲ್ಲಿ ತಪ್ಪದೆ ಬಂದ ಮೇಲೆ ತೋಟ, ಆಮೇಲೆ ರಸ್ತೆ. ಆನೆ ಸಂಚರಿಸುವ ವೇಳೆಯಲ್ಲಿ ಎಷ್ಟು ಕಲಿತ ನಾಯಿಯಾದರೂ ಹಗ್ಗದಲ್ಲಿಯೇ ಇರಲಿ.

ನಾಯಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹುಕಾಲ ಬಿಗಿದಿಡುವುದನ್ನೂ, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅಪರಾಧವೆಂದು ಎಣಿಸಿದೆ. ಆದರೆ ಪ್ರತಿಯೊಂದು ಅಂಗಳಕ್ಕೂ ಕಾಯಿದೆ ಬಂದು ನೋಡಲಾರದು. ಮನೆಯ ವಿದ್ಯಾರ್ಥಿ ನೋಡಬಲ್ಲನು.

ಕೊಡಗಿನ ಕಾಡಾನೆಗಳ ಕೊರಳಿಗೂ ಅರಣ್ಯ ಇಲಾಖೆಯು ರೇಡಿಯೋ ಪಟ್ಟಿಯನ್ನು ತೊಡಿಸಿರುವುದುಂಟು. ಅದು ಆನೆಯನ್ನು ದಂಡಿಸುವುದಿಲ್ಲ. ಆನೆ ಎಲ್ಲಿದೆಯೆಂದು ಮನುಷ್ಯನಿಗೆ ತಿಳಿಸಿ, ಅವನನ್ನು ಎಚ್ಚರಿಸುತ್ತದೆ. ನಾಯಿಯ ಕೊರಳಪಟ್ಟಿಯೂ ಮೊದಲು ಎಚ್ಚರಿಸಬೇಕಾದುದು ಹಗ್ಗದ ಈ ತುದಿಯನ್ನು ಹಿಡಿದವನನ್ನೇ. ನಾಯಿಬಾಲ ಡೊಂಕೆಂದು ಗಾದೆ ಹೇಳುತ್ತದೆ. ಅದರ ಬುದ್ಧಿಯೂ ಡೊಂಕೆಂದು ಯಾವ ಗಾದೆಯೂ ಹೇಳಿಲ್ಲ.