ಪುಣೆಯವರೆಗೆ ಬಂದ ಬೈಕ್ ಲೀಗ್

2024ರ ಜನವರಿ, ಫೆಬ್ರುವರಿಯಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಆವೃತ್ತಿ ಪುಣೆ, ಅಹಮದಾಬಾದ್, ಬೆಂಗಳೂರಿನಲ್ಲಿ ನಡೆಯಿತು. ಗೆದ್ದದ್ದು ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ಬಿಗ್‌ರಾಕ್ ಮೋಟಾರ್‌ಸ್ಪೋರ್ಟ್ಸ್ ತಂಡ. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯ ಇವರೇ. ಗೋಕಾಕ, ಮೂಡಲಗಿ, ಹುಕ್ಕೇರಿಯ ನಮಗೆ ಬೆಂಗಳೂರಿಗಿಂತ ಪುಣೆಯೇ ಹತ್ತಿರ. ಸಂಕೇಶ್ವರದಲ್ಲಿ ಹೆದ್ದಾರಿ ಹತ್ತಿದರಾಯಿತು. ಗೆಳೆಯರ ನಡುವೆ ಅದರದ್ದೇ ಮಾತು.

ಆದರೆ ಮೂರು ಊರು, ಮೂರು ಸುತ್ತಿನ ಲೀಗ್‌ನಿಂದ ಯಾರಿಗೆ ವರ್ಷವಿಡೀ ಕೆಲಸ ಸಿಕ್ಕೀತು? ದೊಡ್ಡ 450 ಸಿಸಿ ವಿಭಾಗವಂತೂ ವಿದೇಶಿ ಸವಾರರದ್ದು. ಪೋಲೆಂಡಿನ ಸ್ಪೀಡ್‌ವೇ ಲೀಗ್ ‘ಎಕ್ಸ್‌ಟ್ರಾಲಿಗಾ’ ನೋಡಿ. ಬ್ರೇಕೇ ಇಲ್ಲದ ಬೈಕು, ನಾಲ್ವರು ಸವಾರರು, ನಾಲ್ಕು ಸುತ್ತು. ಮೊದಲಿಗನಿಗೆ 3 ಅಂಕ, ಕೊನೆಯವನಿಗೆ ಸೊನ್ನೆ. ಎಂಟು ತಂಡಗಳು, ಪ್ಲೇಆಫ್‌ಗೂ ಮುನ್ನ ಪ್ರತಿ ತಂಡಕ್ಕೆ 14 ಪಂದ್ಯ. 21ರೊಳಗಿನ ಪೋಲೆಂಡಿನ ಹುಡುಗರನ್ನು ಇಳಿಸಲೇಬೇಕೆಂಬ ನಿಯಮ ಇರುವುದರಿಂದ ಕ್ಲಬ್‌ಗಳು ಊರಲ್ಲೇ ತರಬೇತಿ ಕೊಡುತ್ತವೆ. ಗೋಕಾಕಿಗಿಂತ ದೊಡ್ಡದೇನೂ ಅಲ್ಲದ ಲೆಶ್ನೊ ಊರಿನ ತಂಡ 2017ರಿಂದ 2020ರವರೆಗೆ ಸತತ ನಾಲ್ಕು ಸಲ ಚಾಂಪಿಯನ್!

ನಮ್ಮ ಕಡೆ ಜಾತ್ರೆ ಬಂದರೆ ಎತ್ತಿನಗಾಡಿ ಓಟಕ್ಕೆ ಹೊಲ ಸಜ್ಜಾಗುತ್ತದೆ. ಬೈಕಿಗೆ ಮಾತ್ರ ಡಾಂಬರು ರಸ್ತೆಯೇ ಗತಿ, ಹೆಲ್ಮೆಟ್ಟೂ ಇಲ್ಲದೆ. ಐಟಿಐ ಮುಗಿಸಿದ ನನ್ನ ಗೆಳೆಯರು ಎಂಜಿನ್ ಬಿಚ್ಚಿ ಕೂಡಿಸಬಲ್ಲರು. ರೇಸ್ ಬೈಕು, ಸುರಕ್ಷಾ ಉಡುಪು, ಲೈಸೆನ್ಸಿನ ಖರ್ಚು ಅವರ ಕೈಗೆಟುಕದು. ಕ್ರೀಡಾ ಇಲಾಖೆ ನಮ್ಮ ಜಿಲ್ಲೆಗೆ ಒಂದು ಮಣ್ಣಿನ ಟ್ರ್ಯಾಕ್, ಬಾಡಿಗೆಗೆ ನಾಲ್ಕು ಬೈಕು ಕೊಡಲಿ. ಮೆಕ್ಯಾನಿಕ್‌ಗಳನ್ನು ಹೊರಗಿನಿಂದ ಕರೆಸಬೇಕಾಗಿಲ್ಲ.