ಟೈಪ್-ಸಿ ಆಕಾರದ ಹೆಸರು, ಗುಣದ್ದಲ್ಲ

ಚೆನ್ನೈನ ರಿಚಿ ಸ್ಟ್ರೀಟ್ ಆಗಲಿ, ಮುಂಬೈನ ಲ್ಯಾಮಿಂಗ್ಟನ್ ರೋಡ್ ಆಗಲಿ, ದಿಲ್ಲಿಯ ನೆಹರೂ ಪ್ಲೇಸ್ ಆಗಲಿ, ಬೆಂಗಳೂರಿನ ಎಸ್.ಪಿ. ರೋಡ್ ಆಗಲಿ, ಅಂಗಡಿಗೆ ಹೋಗಿ ಲ್ಯಾಪ್‌ಟಾಪಿಗೊಂದು ಹಬ್ ಬೇಕು ಎಂದರೆ ಎದುರಿನಿಂದ ಬರುವ ಪ್ರಶ್ನೆ ಒಂದೇ: ಎಷ್ಟು-ಇನ್-ಒನ್ ಬೇಕು? ಐದೋ, ಏಳೋ, ಹನ್ನೊಂದೋ? ತನ್ನ ಲ್ಯಾಪ್‌ಟಾಪಿಗೆ ಇದು ಹೊಂದುತ್ತದೆಯೇ ಎಂದು ಗಿರಾಕಿ ಅನುಮಾನಿಸಿದರೆ, ಟೈಪ್-ಸಿ ಇದೆಯಲ್ಲ, ಎಲ್ಲದಕ್ಕೂ ಆಗುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆನ್‌ಲೈನಿನಲ್ಲಿ ಕೊಂಡರೂ ವ್ಯತ್ಯಾಸವಿಲ್ಲ. ಅಲ್ಲಿ ಅಂಗಡಿಯವರ ಬದಲು ಪೆಟ್ಟಿಗೆಯ ಚಿತ್ರ ಅದೇ ಮಾತು ಹೇಳುತ್ತದೆ.

ಆ ಪ್ರಶ್ನೆಯೂ ತಪ್ಪು, ಆ ಉತ್ತರವೂ ತಪ್ಪು. ಹಬ್ ಅಥವಾ ಡಾಕ್ ಕೊಳ್ಳುವಾಗ ಪೋರ್ಟುಗಳ ಎಣಿಕೆಯಷ್ಟು ಕಡಿಮೆ ಉಪಯೋಗದ ಅಂಕಿ ಇನ್ನೊಂದಿಲ್ಲ. ನಂಬಬಹುದಾದ್ದು ಯಾವುದು, ನಂಬಲಾಗದ್ದು ಯಾವುದು ಎಂದು ತೀರ್ಮಾನಿಸುವ ಸಂಗತಿಗಳನ್ನು ಪೆಟ್ಟಿಗೆಗಳು ಬಹುಮಟ್ಟಿಗೆ ಹೇಳುವುದೇ ಇಲ್ಲ. ಆ ಮೌನದ ಬೆಲೆಯನ್ನು ತೆರುವವರು ಮನೆಯ ಒಂದು ಮೂಲೆಯನ್ನೇ ಆಫೀಸು ಮಾಡಿಕೊಂಡವರು: ಮಾರ್ಚ್ ಕೊನೆಯ ಲೆಕ್ಕ ಮುಗಿಸಬೇಕಾದವರು, ಪ್ರಬಂಧದ ಕೊನೆಯ ಪ್ರತಿ ಕಳಿಸಬೇಕಾದವರು, ಮದುವೆಯ ವಿಡಿಯೊ ಕತ್ತರಿಸಿ ಜೋಡಿಸುವವರು. ಅವರ ಪಾಲಿಗೆ ಹಬ್ ಕೈಕೊಟ್ಟಿತೆಂದರೆ ಹೋಗುವುದು ಎರಡು ಸಾವಿರ ರೂಪಾಯಿಯ ವಸ್ತುವಷ್ಟೇ ಅಲ್ಲ, ಆ ದಿನದ ದುಡಿಮೆ.

ಗೊಂದಲ ಶುರುವಾಗುವುದು ಹೆಸರಿನಿಂದ. ಟೈಪ್-ಸಿ ಎಂಬ ಹೆಸರು 2014ರಲ್ಲಿ ಬಂದಾಗ ಅದು ಸೂಚಿಸಿದ್ದು ಒಂದು ಆಕಾರವನ್ನು: 24 ಪಿನ್ನುಗಳ, ಹೇಗೆ ತಿರುಗಿಸಿ ಚುಚ್ಚಿದರೂ ಕೂರುವ ಒಂದು ಬಾಯಿ. ಆ ಬಾಯಿಯೊಳಗೆ ಏನು ಹರಿಯಬೇಕೆಂದು ಹೆಸರು ಹೇಳುವುದಿಲ್ಲ. ಸೆಕೆಂಡಿಗೆ 480 ಮೆಗಾಬಿಟ್ ಹರಿಯುವ ಹಳೆಯ ಯುಎಸ್‌ಬಿ 2.0 ಇರಬಹುದು, 40 ಗಿಗಾಬಿಟ್‌ನ ಥಂಡರ್‌ಬೋಲ್ಟ್ ಇರಬಹುದು. ಚಿತ್ರ ಹೊರಬರಬಹುದು, ಬರದೇ ಇರಬಹುದು. ಚಾರ್ಜ್ ಆಗಬಹುದು, ಆಗದೇ ಇರಬಹುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಯನ್ನು ಈ ಪೋರ್ಟಿಗೆಂದೇ ಕಟ್ಟಿದಂತಿದೆ.

ವೇಗದ ಹೆಸರುಗಳ ಕಥೆ ಇನ್ನೂ ವಿಚಿತ್ರ. 2008ರಲ್ಲಿ ಬಂದ ಯುಎಸ್‌ಬಿ 3.0ರ ವೇಗ ಸೆಕೆಂಡಿಗೆ 5 ಗಿಗಾಬಿಟ್. ಅದೇ 5 ಗಿಗಾಬಿಟ್ ಮುಂದೆ ಯುಎಸ್‌ಬಿ 3.1 ಜೆನ್ 1 ಆಯಿತು, ಆಮೇಲೆ ಯುಎಸ್‌ಬಿ 3.2 ಜೆನ್ 1 ಆಯಿತು. ವಸ್ತು ಬದಲಾಗಲಿಲ್ಲ, ಹೆಸರಿಗೆ ಮಾತ್ರ ಎರಡು ಸಲ ನಾಮಕರಣವಾಯಿತು. 3.2 ಎಂಬ ಅಂಕಿಯನ್ನು ಪೆಟ್ಟಿಗೆಯ ಮೇಲೆ ಕಂಡವರು 3.0ಕ್ಕಿಂತ ಇದು ಮೇಲೆಂದು ಭಾವಿಸಿದರೆ ಅದು ಓದುವವರ ದಡ್ಡತನವಲ್ಲ. ಭಾಷೆಯಲ್ಲಿ ಹೆಸರು ಇರುವುದೇ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸಲು. ಬೇರೆ ಬೇರೆ ವಸ್ತುವಿಗೆ ಒಂದೇ ಹೆಸರು, ಒಂದೇ ವಸ್ತುವಿಗೆ ಮೂರು ಹೆಸರು ಎಂದಾದಾಗ ಹೆಸರು ತನ್ನ ಕೆಲಸ ಬಿಟ್ಟಿದೆ ಎಂದೇ ಅರ್ಥ. ಯುಎಸ್‌ಬಿಯ ನಿಯಮ ರೂಪಿಸುವ ಸಂಸ್ಥೆಯೂ ಇದನ್ನು ಕಂಡುಕೊಂಡು 2022ರಲ್ಲಿ, ಇನ್ನು ಮೇಲೆ ಗಿರಾಕಿಗಳ ಮುಂದೆ ವೇಗವನ್ನೇ ಹೆಸರಾಗಿಡಿ ಎಂದು ಕಂಪನಿಗಳಿಗೆ ಸೂಚಿಸಿತು: 5 ಗಿಗಾಬಿಟ್, 10 ಗಿಗಾಬಿಟ್, 20, 40. ಹಾಗೆ ಬರೆದ ಪೆಟ್ಟಿಗೆ ಸಿಕ್ಕರೆ ಮೊದಲ ಪರೀಕ್ಷೆಯಲ್ಲಿ ಅದು ಪಾಸು.

ಹೊಂದುವುದು ಬೇರೆ, ಕೂರುವುದು ಬೇರೆ ಎಂಬುದಕ್ಕೆ 2016ರ ಒಂದು ಪ್ರಸಂಗ ಪ್ರಸಿದ್ಧ. ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಬೆನ್ಸನ್ ಲ್ಯೂಂಗ್ ಆನ್‌ಲೈನಿನಲ್ಲಿ ಮಾರುವ ಟೈಪ್-ಸಿ ಕೇಬಲ್ಲುಗಳನ್ನು ಕೊಂಡು ಒಂದೊಂದಾಗಿ ಪರೀಕ್ಷಿಸಿ, ಫಲಿತಾಂಶವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದರು. ಹಾಗೆ ಪರೀಕ್ಷಿಸುವಾಗ ಒಳಗಿನ ತಂತಿಗಳನ್ನು ತಪ್ಪಾಗಿ ಬೆಸೆದಿದ್ದ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಆ ಕೇಬಲ್ ಪೋರ್ಟಿನಲ್ಲಿ ಸರಿಯಾಗಿಯೇ ಕೂತಿತ್ತು.

ಇಷ್ಟಾದ ಮೇಲೆ ಆಯ್ಕೆಯ ಮಾತು. ಹಬ್‌ಗೆ ಪೋರ್ಟು ಎಷ್ಟೇ ಇರಲಿ, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೇಬಲ್ ಒಂದೇ. ಕೆರೆಗೆ ತೂಬು ಒಂದೇ ಇದ್ದು ಕೆಳಗೆ ಏಳು ಗದ್ದೆ ಇದ್ದ ಹಾಗೆ. ಗದ್ದೆಗಳ ಸಂಖ್ಯೆ ಹೆಚ್ಚಿದರೆ ನೀರು ಹೆಚ್ಚುವುದಿಲ್ಲ, ಪಾಲು ಕಡಿಮೆಯಾಗುತ್ತದೆ. 5 ಗಿಗಾಬಿಟ್‌ನ ಹಬ್‌ಗೆ ಹೊರಗಿನ ಡಿಸ್ಕ್, ನೆಟ್‌ವರ್ಕ್ ಕೇಬಲ್, ಕ್ಯಾಮೆರಾದ ಕಾರ್ಡು ಮೂರನ್ನೂ ಚುಚ್ಚಿದರೆ ಮೂರೂ ಆ ಐದರಲ್ಲೇ ಹಂಚಿಕೊಳ್ಳಬೇಕು. ಆದ್ದರಿಂದ ಮೊದಲು ಕೇಳಬೇಕಾದ್ದು ಎಷ್ಟು ಪೋರ್ಟು ಎಂದಲ್ಲ, ಏನೇನು ಒಟ್ಟಿಗೆ ಓಡಬೇಕು ಎಂದು.

ಈ ಪಾಲಿನ ಜಗಳ ಕಣ್ಣಿಗೆ ಕಾಣುವುದು ಮಾನಿಟರಿನಲ್ಲಿ. ಟೈಪ್-ಸಿ ಕೇಬಲ್ಲಿನಲ್ಲಿ ವೇಗವಾಗಿ ಹರಿಯುವ ನಾಲ್ಕು ಓಣಿಗಳಿವೆ. ಸಾಮಾನ್ಯ ಹಬ್‌ಗಳು ಎರಡನ್ನು ಚಿತ್ರಕ್ಕೂ ಎರಡನ್ನು ದತ್ತಾಂಶಕ್ಕೂ ಕೊಡುತ್ತವೆ. ಡಿಸ್‌ಪ್ಲೇಪೋರ್ಟ್ 1.2ರ ಮಟ್ಟದ ಲ್ಯಾಪ್‌ಟಾಪ್ ಅಥವಾ ಹಬ್ ಆದರೆ ಆ ಎರಡು ಓಣಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗಬಲ್ಲದು. ಪೆಟ್ಟಿಗೆಯ ಮುಂಭಾಗದಲ್ಲಿ 4ಕೆ ಎಂದು ದಪ್ಪಕ್ಷರವಿದ್ದು, 30 ಹರ್ಟ್ಜ್ ಎಂಬುದು ಹಿಂಭಾಗದ ಸಣ್ಣಕ್ಷರದಲ್ಲಿ ಅಡಗಿರುವುದು ಇದಕ್ಕೇ. ಸಿನಿಮಾ ನೋಡುವವರಿಗೆ ಅದು ಗೊತ್ತಾಗದಿರಬಹುದು. ದಿನವಿಡೀ ಅಕ್ಷರ ಓದುವವರಿಗೆ ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ: ಮೌಸ್‌ನ ಬಾಣ ತಡವರಿಸುತ್ತದೆ, ಪುಟ ಸರಿಸಿದರೆ ಸಾಲುಗಳು ಕುಣಿಯುತ್ತವೆ. ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ ಡಿಸ್‌ಪ್ಲೇಪೋರ್ಟ್ 1.4 ಬಲ್ಲವಾದರೆ ಅದೇ ಎರಡು ಓಣಿಯಲ್ಲಿ 60 ಹರ್ಟ್ಜ್ ಸಿಗುತ್ತದೆ. ಎರಡರಲ್ಲಿ ಒಂದು ಮಾತ್ರ ಬಲ್ಲದಾದರೆ ಸಿಗುವುದಿಲ್ಲ. ನಾಲ್ಕೂ ಓಣಿಗಳನ್ನು ಚಿತ್ರಕ್ಕೇ ಕೊಟ್ಟು 60 ಹರ್ಟ್ಜ್ ತೋರಿಸುವ ಹಬ್‌ಗಳೂ ಇವೆ. ಆದರೆ ಅವುಗಳಲ್ಲಿ ಉಳಿದ ಪೋರ್ಟುಗಳು 480 ಮೆಗಾಬಿಟ್‌ಗೆ ಇಳಿಯುತ್ತವೆ.

ಹಾಗಾಗಿ ಹಬ್ ಹುಡುಕುವ ಮೊದಲು ಲ್ಯಾಪ್‌ಟಾಪಿನ ಕೈಪಿಡಿ ಓದಬೇಕು. ಅದರ ಟೈಪ್-ಸಿ ಪೋರ್ಟಿನಿಂದ ಚಿತ್ರ ಬರದಿದ್ದರೆ ಸಾಮಾನ್ಯ ಹಬ್‌ನ ಎಚ್‌ಡಿಎಂಐ ಬಾಯಿ ಬರೀ ಅಲಂಕಾರ. ಎರಡು ಮಾನಿಟರ್ ಬೇಕೆನ್ನುವವರು ಇನ್ನೂ ಎಚ್ಚರವಾಗಿರಬೇಕು. ಒಂದೇ ಸಾಲಿನಿಂದ ಎರಡು ಬೇರೆ ಬೇರೆ ಪರದೆ ತೋರಿಸುವ ಎಂಎಸ್‌ಟಿ ಎಂಬ ವಿಧಾನ ವಿಂಡೋಸ್‌ನಲ್ಲಿ ನಡೆಯುತ್ತದೆ, ಮ್ಯಾಕ್‌ನಲ್ಲಿ ನಡೆಯುವುದಿಲ್ಲ. ಮ್ಯಾಕ್‌ನಲ್ಲಿ ಅಂಥ ಹಬ್‌ನ ಎರಡೂ ಮಾನಿಟರುಗಳು ಒಂದೇ ಚಿತ್ರ ತೋರಿಸುತ್ತವೆ. 2020ರ ಎಂ1 ಮ್ಯಾಕ್‌ಬುಕ್ ಏರ್ ಅಧಿಕೃತವಾಗಿ ಹೊರಗಿನ ಒಂದೇ ಮಾನಿಟರ್ ನಡೆಸುತ್ತದೆ. ಆ ಮಿತಿಯನ್ನು ದಾಟಿಸುವ ಡಿಸ್‌ಪ್ಲೇಲಿಂಕ್ ಡಾಕ್‌ಗಳಿವೆ. ಅವು ಚಿತ್ರವನ್ನು ತಂತ್ರಾಂಶದಿಂದ ಕುಗ್ಗಿಸಿ ಯುಎಸ್‌ಬಿಯಲ್ಲಿ ಕಳಿಸುತ್ತವೆ, ಪ್ರತ್ಯೇಕ ಡ್ರೈವರ್ ಬೇಡುತ್ತವೆ. ಪಠ್ಯದ ಕೆಲಸಕ್ಕೆ ಅವು ಧಾರಾಳ ಸಾಕು. ಥಂಡರ್‌ಬೋಲ್ಟ್ 4 ಇರುವ ಲ್ಯಾಪ್‌ಟಾಪ್ ಆದರೆ ಎರಡು 4ಕೆ ಮಾನಿಟರ್ ನಡೆಸುವುದು ಆ ನಿಯಮದಲ್ಲೇ ಕಡ್ಡಾಯ. ಥಂಡರ್‌ಬೋಲ್ಟ್ ಡಾಕ್‌ಗಳು ದುಬಾರಿ. ಅಲ್ಲಿ ಕೊಡುವ ಹಣದ ಒಂದು ಭಾಗ ಈ ಖಾತರಿಗೆ.

ಇನ್ನು ವಿದ್ಯುತ್ತಿನ ವಿಷಯ. ನಮ್ಮ ಊರುಗಳಲ್ಲಿ ಇದಕ್ಕಿಂತ ಮುಖ್ಯವಾದದ್ದಿಲ್ಲ, ಆದರೂ ಯಾರೂ ಇದನ್ನು ಕೇಳುವುದಿಲ್ಲ. ಚಾರ್ಜರನ್ನು ಹಬ್‌ಗೆ ಚುಚ್ಚಿ, ಹಬ್ಬನ್ನು ಲ್ಯಾಪ್‌ಟಾಪಿಗೆ ಚುಚ್ಚಿದಾಗ ಹಬ್ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಮುಂದೆ ಕೊಡುತ್ತದೆ. 100 ವಾಟ್ ಎಂದು ಬರೆದ ಹಬ್‌ನಿಂದ ಲ್ಯಾಪ್‌ಟಾಪಿಗೆ ತಲುಪುವುದು 85 ವಾಟ್ ಇರಬಹುದು. ಅದು ಸಹಿಸಬಹುದಾದ ಕಡಿತ. ಅಪಾಯ ಇರುವುದು ಕರೆಂಟು ಹೋದ ಕ್ಷಣದಲ್ಲಿ. ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ಅದು ನಡೆಯುತ್ತಲೇ ಇರುತ್ತದೆ. ಆದರೆ ಚಾರ್ಜರಿನಿಂದ ಬರುತ್ತಿದ್ದ ವಿದ್ಯುತ್ತು ನಿಂತು, ಈಗ ಲ್ಯಾಪ್‌ಟಾಪೇ ಹಬ್‌ಗೆ ವಿದ್ಯುತ್ತು ಕೊಡಬೇಕಾಗುತ್ತದೆ. ಕೊಡುವವರು ಮತ್ತು ಪಡೆಯುವವರು ಅದಲುಬದಲಾಗುವ ಈ ಗಳಿಗೆಯನ್ನು ಚೆನ್ನಾಗಿ ಕಟ್ಟಿದ ಹಬ್‌ಗಳು ಸದ್ದಿಲ್ಲದೆ ದಾಟುತ್ತವೆ. ಕೆಟ್ಟವು ಒಮ್ಮೆ ಸತ್ತು ಮತ್ತೆ ಹುಟ್ಟುತ್ತವೆ. ಆ ಒಂದು ಕ್ಷಣದಲ್ಲಿ ಹೊರಗಿನ ಡಿಸ್ಕಿಗೆ ಏನಾದರೂ ಬರೆಯಲಾಗುತ್ತಿದ್ದರೆ ಕಡತ ಅರ್ಧಕ್ಕೆ ತುಂಡಾಗಬಹುದು. ಸ್ವಂತ ಅಡಾಪ್ಟರ್ ಇರುವ ದೊಡ್ಡ ಡಾಕ್‌ಗಳಂತೂ ಯುಪಿಎಸ್ ಅಥವಾ ಇನ್ವರ್ಟರ್ ಇಲ್ಲದಿದ್ದರೆ ಕರೆಂಟಿನ ಜೊತೆಗೇ ಮಲಗುತ್ತವೆ.

ಇದರ ಪರೀಕ್ಷೆಗೆ ಉಪಕರಣ ಬೇಡ. ಹಬ್ ಮನೆಗೆ ಬಂದ ದಿನವೇ, ಕಳೆದರೂ ಪರವಾಗಿಲ್ಲ ಎನ್ನುವ ಒಂದು ಪೆನ್‌ಡ್ರೈವಿಗೆ ದೊಡ್ಡ ಕಡತವೊಂದನ್ನು ನಕಲಿಸಲು ಬಿಟ್ಟು ಚಾರ್ಜರಿನ ಸ್ವಿಚ್ ಆರಿಸಬೇಕು. ನಕಲು ಮುಂದುವರಿದರೆ ಹಬ್ ಉಳಿಯಬಹುದು. ನಿಂತರೆ ಅದು ಅಂಗಡಿಗೆ ಹಿಂದಿರುಗಬೇಕು. ಅದರಲ್ಲಿ ಪಾಸಾದ ಮೇಲೂ ಬ್ಯಾಕಪ್ ಡಿಸ್ಕನ್ನು ಲ್ಯಾಪ್‌ಟಾಪಿಗೇ ನೇರವಾಗಿ ಚುಚ್ಚುವುದು ಜಾಣತನ.

ಇನ್ನೊಂದು ದೂರು ಸಾಮಾನ್ಯ: ಹಬ್ ಹಾಕಿದಂದಿನಿಂದ ವೈರ್‌ಲೆಸ್ ಮೌಸ್ ಜಿಗಿಯುತ್ತದೆ, ವೈಫೈ ಸೊರಗಿದೆ. ಹಬ್ ಕೆಟ್ಟಿದೆ ಎಂದೇ ಇದರ ಅರ್ಥವಲ್ಲ. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಜ್ ಸುತ್ತ ಗದ್ದಲ ಹೊರಸೂಸುತ್ತವೆಂದು ಇಂಟೆಲ್ 2012ರಲ್ಲೇ ಪ್ರಕಟಿಸಿತ್ತು. ಮೌಸ್‌ನ ಪುಟ್ಟ ರಿಸೀವರನ್ನು ಹಬ್‌ನಿಂದ ದೂರದ ಪೋರ್ಟಿಗೆ ಹಾಕಿದರೆ, ವೈಫೈಯನ್ನು 5 ಗಿಗಾಹರ್ಟ್ಜ್‌ಗೆ ಬದಲಿಸಿದರೆ ತೊಂದರೆ ಬಹುಪಾಲು ತೀರುತ್ತದೆ.

ಇದನ್ನೆಲ್ಲ ಕೇಳಿದವರು ಹಾಗಾದರೆ ಅತಿ ದುಬಾರಿಯದನ್ನೇ ಕೊಂಡರಾಯಿತು ಎನ್ನಬಹುದು. ಅದೂ ಸರಿಯಲ್ಲ. ಕೀಬೋರ್ಡ್, ಮೌಸ್, ಪೆನ್‌ಡ್ರೈವ್, ಆಗೊಮ್ಮೆ ಈಗೊಮ್ಮೆ ಪ್ರೊಜೆಕ್ಟರ್ ಬೇಕಾದ ಶಿಕ್ಷಕರಿಗೆ ನಾಲ್ಕು ಪೋರ್ಟಿನ ಸಣ್ಣ ಹಬ್ ಸಾಕು. ಅವರಿಗೆ ಇಪ್ಪತ್ತು ಸಾವಿರದ ಡಾಕ್ ಕೊಡಿಸುವುದು ಇರುವೆಗೆ ಅಂಬಾರಿ ಹೊರಿಸಿದಂತೆ. ಕಡಿಮೆ ಬೆಲೆ ಅಪರಾಧವಲ್ಲ. ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಹೇಳದಿರುವುದು ಅಪರಾಧ. ವಿಮರ್ಶೆಗಳನ್ನು ಓದಿ ಕೊಳ್ಳಿ ಎಂಬ ಸಲಹೆಗೂ ಮಿತಿಯಿದೆ. ನಕ್ಷತ್ರ ಕೊಡುವವರು ಹೆಚ್ಚಾಗಿ ಮೊದಲ ವಾರದಲ್ಲೇ ಕೊಟ್ಟಿರುತ್ತಾರೆ, ಹಬ್ ಬಿಸಿಯಾಗಿ ಬಿಸಿಯಾಗಿ ಸೋಲುವುದು ಹತ್ತನೆಯ ತಿಂಗಳಿನಲ್ಲಿ. ಅದಕ್ಕೇ ನಕ್ಷತ್ರಗಳಿಗಿಂತ ವಾರಂಟಿಯ ಅವಧಿ, ಅದನ್ನು ನಡೆಸಿಕೊಡುವ ವಿಳಾಸ ಇವು ಹೆಚ್ಚು ಮಾತಾಡುತ್ತವೆ.

ಈ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರು ಸಲ್ಲಿಸುವ ಸಂಪರ್ಕ ಇರಲೇಬೇಕು. ಡಾಕ್ ಜೊತೆ ಅಡಾಪ್ಟರ್ ಬಂದರೆ ಅದರ ಮೇಲೆ ಬಿಐಎಸ್ ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ಮೋಸವಾದರೆ ಗ್ರಾಹಕ ಸಹಾಯವಾಣಿ 1915 ಇದೆ. ಆಮದುದಾರರ ವಿಳಾಸವೇ ಇಲ್ಲದ ಪೆಟ್ಟಿಗೆ ಎಷ್ಟೇ ಅಗ್ಗವಾಗಿದ್ದರೂ ಅಲ್ಲೇ ಬಿಟ್ಟು ಬರುವುದು ಲೇಸು.

ಆದರೆ ಇಷ್ಟು ಸಾಲದು. ಫ್ರಿಜ್ ಕೊಳ್ಳುವವರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಉರಿಯುತ್ತದೆಂದು ನಕ್ಷತ್ರದ ಚೀಟಿ ಹೇಳುತ್ತದೆ. ಬಿಸ್ಕತ್ತಿನ ಪೊಟ್ಟಣ ಒಳಗಿನ ಸಕ್ಕರೆಯ ಲೆಕ್ಕ ಕೊಡುತ್ತದೆ. ಜನರ ದುಡಿಮೆಯನ್ನೇ ಹೊತ್ತಿರುವ ಈ ವಸ್ತು ಮಾತ್ರ ಸೆವೆನ್-ಇನ್-ಒನ್ ಎಂದು ಹೇಳಿ ಸುಮ್ಮನಾಗುತ್ತದೆ. ಟೈಪ್-ಸಿಗೆ ಭಾರತೀಯ ಮಾನಕವನ್ನು ಬಿಐಎಸ್ 2023ರಲ್ಲಿ ಪ್ರಕಟಿಸಿದೆ. ಮುಂದಿನ ಹೆಜ್ಜೆಯಾಗಿ ಪೆಟ್ಟಿಗೆಯ ಮೇಲೆ ನಾಲ್ಕು ಸಾಲು ಕಡ್ಡಾಯವಾಗಬೇಕು: ಎಲ್ಲ ಪೋರ್ಟುಗಳಿಗೂ ಸೇರಿ ಒಟ್ಟು ವೇಗ ಎಷ್ಟು, ಯಾವ ಮಾನಿಟರ್ ಎಷ್ಟು ಹರ್ಟ್ಜ್‌ನಲ್ಲಿ ನಡೆಯುತ್ತದೆ, ಎಷ್ಟು ವಾಟ್ ಒಳಗೆ ಬಂದು ಎಷ್ಟು ಲ್ಯಾಪ್‌ಟಾಪಿಗೆ ತಲುಪುತ್ತದೆ, ಚಾರ್ಜರ್ ನಿಂತರೆ ಡಿಸ್ಕ್ ಉಳಿಯುತ್ತದೆಯೇ. ಇದರಲ್ಲಿ ತಯಾರಕರಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ.

ಆ ಚೀಟಿ ಬರುವ ತನಕ ಪ್ರಶ್ನೆಗಳನ್ನು ಗಿರಾಕಿಗಳೇ ಅಂಗಡಿಗೆ ಒಯ್ಯಬೇಕು. ರಿಚಿ ಸ್ಟ್ರೀಟಿಗಾಗಲಿ ಎಸ್.ಪಿ. ರೋಡಿಗಾಗಲಿ ಹೋಗುವಾಗ ಸ್ವಂತ ಲ್ಯಾಪ್‌ಟಾಪ್, ಸ್ವಂತ ಚಾರ್ಜರ್ ಜೊತೆಗಿರಲಿ. ಎಷ್ಟು-ಇನ್-ಒನ್ ಬೇಕೆಂದು ಅಂಗಡಿಯವರು ಕೇಳಿದಾಗ, ಇದನ್ನು ಚುಚ್ಚಿ ತೋರಿಸಿ, ಆಮೇಲೆ ಚಾರ್ಜರಿನ ಸ್ವಿಚ್ ಆರಿಸಿ ಎಂದು ಕೇಳಲಿ. ಹತ್ತು ಗಿರಾಕಿಗಳು ಹಾಗೆ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅಂಗಡಿಯವರ ಬಳಿ ಉತ್ತರ ಇರುತ್ತದೆ.